ಅಫ್ರಾ ಅತ್ತೆ ಬುರ್ಗಿಯ ಸ್ಕೀ ಮಸೆದದ್ದು

ಸರ್ರ್, ಸರ್ರ್. ಚಳಿಗಾಲದ ಸಂಜೆ ನಮ್ಮ ಓಣಿಯಲ್ಲಿ ಈ ಸದ್ದು ಕೇಳಿದರೆ, ಅಫ್ರಾ ಅತ್ತೆ ಅಡುಗೆಮನೆಯ ಮೇಜಿನ ಮೇಲೆ ಯಾರದೋ ಹಿಮದಲ್ಲಿ ಜಾರುವ ಸ್ಕೀ ಹಲಗೆ ಮಲಗಿಸಿಕೊಂಡು ಅದರ ಉಕ್ಕಿನ ಅಂಚಿಗೆ ಅರ ಹಾಕುತ್ತಿದ್ದಾಳೆ ಎಂದೇ ಅರ್ಥ. ಮೂತಿಯಿಂದ ಬಾಲದ ಕಡೆಗೆ, ಒಂದೇ ದಿಕ್ಕಿಗೆ, ಬೆಕ್ಕಿನ ಬೆನ್ನು ಸವರಿದ ಹಾಗೆ. ಆಮೇಲೆ ಹೆಬ್ಬೆರಳ ಉಗುರನ್ನು ಅಂಚಿಗೆ ತೀಡಿ ನೋಡುತ್ತಾಳೆ. ಉಗುರಿನಿಂದ ಬಿಳಿ ಪುಡಿ ಉದುರಿದರೆ ಕೆಲಸ ಮುಗಿಯಿತು. ಮಾರ್ಚ್ ಹೊತ್ತಿಗೆ ಆ ಉಗುರು ಅರ್ಧವೂ ಉಳಿದಿರುವುದಿಲ್ಲ.

ಎದುರು ಮನೆಯ ಬುರ್ಗಿಯ ಬಾಗಿಲಲ್ಲಿ ಒಂದು ಹಸುವಿನ ಗಂಟೆ ತೂಗುತ್ತಿತ್ತು. ಊರಿನ ಹಿರಿಯ ಹೆಂಗಸರ ಸ್ಕೀ ಓಟದಲ್ಲಿ ಗೆದ್ದವಳ ಮನೆಯಲ್ಲಿ ಅದು ವರ್ಷವಿಡೀ ಇರುತ್ತದೆ. ಬುರ್ಗಿಯ ಮನೆಗೆ ಹೋದ ಮೇಲೆ ಅದು ಅಲ್ಲಿಂದ ಕದಲಿರಲೇ ಇಲ್ಲ. ಕಸ ಚೆಲ್ಲಲು ಹೊರಗೆ ಬಂದರೂ ಅವಳು ಅದಕ್ಕೊಂದು ಏಟು ಕೊಡುತ್ತಿದ್ದಳು. ಅಫ್ರಾಳ ಮಂಡಿ ನೋಡಿದ ವೈದ್ಯರು, ಈ ಚಳಿಗಾಲವಾದ ಮೇಲೆ ಓಟ ಸಾಕು ಎಂದಿದ್ದರು. ಗಂಟೆ ಈ ಸಲ ಬರಬೇಕು, ಇಲ್ಲವೇ ಸಾಯುವವರೆಗೂ ಅದನ್ನು ಕೇಳುತ್ತಿರಬೇಕು.

ಓಟದ ಹಿಂದಿನ ಸಂಜೆ ಬುರ್ಗಿ ತನ್ನ ಸ್ಕೀ ಹೊತ್ತು ಬಂದಳು. ಮಸೆಯಲು ತಂದವರನ್ನು ವಾಪಸು ಕಳಿಸುವುದು ನಮ್ಮಲ್ಲಿಲ್ಲ. ನಾನು ಒಲೆಯ ಪಕ್ಕ ಸೂಪು ಕುಡಿಯುತ್ತ ಕೂತಿದ್ದೆ.

"ನಂದೂ ಸ್ವಲ್ಪ ಮಸೆದುಕೊಡೇ. ಹಲ್ಲು ಕಡ್ಕೊಂಡು ಮಸೀಬೇಡ, ಅಷ್ಟೆ."

"ಇರೋದೇ ನಾಲ್ಕು ಹಲ್ಲು, ನಿನಗೋಸ್ಕರ ಯಾಕೆ ಕಡೀಲಿ? ಕೂತ್ಕೋ, ಸೇಬಿನ ಸ್ಟ್ರೂಡೆಲ್ ಇದೆ, ತಿನ್ನು."

ಅಫ್ರಾ ಮದುವೆಗೆ ಮಗಳನ್ನು ಸಿಂಗರಿಸುವವಳಂತೆ ಆ ಸ್ಕೀಗಳನ್ನು ಮಸೆದಳು. ನಡುನಡುವೆ ಹಾಡು ಗುನುಗಿದಳು. ಬುರ್ಗಿಗೆ ಆ ಹಾಡು ಸರಿ ಬರಲಿಲ್ಲ. ತಾನೇ ಉಗುರು ತೀಡಿ ನೋಡಿದಳು. ಹಿಟ್ಟಿನಂತೆ ಪುಡಿ ಉದುರಿತು. ಅಂಚು ಮೊಂಡಾಗಿದ್ದರೂ ಅವಳ ಮುಖ ಅಷ್ಟು ಬಾಡುತ್ತಿರಲಿಲ್ಲ.

"ನಂದೇ ಹಿಂಗಿದ್ರೆ, ನಿಂದು ಇನ್ನು ಹೆಂಗಿರಬೇಡ?"

ಅಫ್ರಾಳ ಸ್ಕೀಗಳು ಮೂಲೆಯಲ್ಲಿ ಕತ್ತಿನ ತನಕ ಕಂಬಳಿ ಹೊದ್ದು ನಿಂತಿದ್ದವು. ಬುರ್ಗಿ ಕೈ ಚಾಚಿದಳು.

"ಮುಟ್ಬೇಡ ಕಣೇ, ಮಲಗಿವೆ," ಎಂದಳು ಅಫ್ರಾ.

ಬೆಳಗ್ಗೆ ಇಳಿಜಾರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಹೊರಡುವ ಹಗ್ಗದ ಹತ್ತಿರ, ದಪ್ಪ ಕೈಗವಸು ತೊಟ್ಟುಕೊಂಡೇ, ಬುರ್ಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಲೇ ಅಫ್ರಾ, ನಮ್ಮಿಬ್ರದೂ ಒಂದೇ ಅಳತೆ ಬೂಟು. ಸ್ಕೀ ಬದಲಾಯಿಸ್ಕೊಳ್ಳೋಣ. ನ್ಯಾಯವಾಗಿ ಮಸೆದಿದ್ರೆ ನಿಂಗೇನು ಕಷ್ಟ?"

ಅಫ್ರಾ ನೆಲ ನೋಡಿದಳು, ಆಕಾಶ ನೋಡಿದಳು, ನಿಟ್ಟುಸಿರು ಬಿಟ್ಟಳು. ಆ ದುಃಖ ನೋಡಿಯೇ ಬುರ್ಗಿ ತನ್ನ ಸ್ಕೀ ಕಳಚಿದ್ದಳು.

ಮೂರನೇ ತಿರುವಿನಲ್ಲಿ ಬುರ್ಗಿ ಬಿಸಿ ಕಾವಲಿಯ ಮೇಲಿನ ಬೆಣ್ಣೆಯಂತೆ ಅಡ್ಡಕ್ಕೆ ಜಾರಿ ಬೇಲಿಯ ಬಲೆಗೆ ಬಿದ್ದಳು. ಅಫ್ರಾ ಮಂಡಿಯನ್ನು ಬೈಯುತ್ತ ಬೈಯುತ್ತ ಎಲ್ಲರಿಗಿಂತ ಮೊದಲು ಕೆಳಗೆ ತಲುಪಿದಳು.

"ಇದೇನು ಸ್ಕೀನೋ, ಲಟ್ಟಣಿಗೆನೋ?" ಬುರ್ಗಿ ಹಿಮ ಕೊಡವುತ್ತ ಬಂದಳು.

"ನಂದಕ್ಕೆ ಅರ ಹಾಕೋಕೆ ಹೊತ್ತೇ ಆಗ್ಲಿಲ್ಲ ಕಣೇ. ನಿಂದೇ ಮೊದಲಾಗ್ಲಿ ಅಂತ ಕೂತ್ಬಿಟ್ಟೆ."

ಸಂಜೆ ಅಫ್ರಾ ಗಂಟೆಯನ್ನು ಕೊರಳಿಗೇ ಹಾಕಿಕೊಂಡು ಓಣಿಗೆ ಬಂದಳು.

"ಅತ್ತೆ, ಆ ಕಂಬಳಿ ಬೇಕಂತಲೇ ತಾನೆ?" ಎಂದೆ.

"ಚಳಿಗೆ ಕಣೇ ಪುಟ್ಟಿ, ಚಳಿಗೆ. ಪಾಪ, ಅವಳು ನನ್ನ ಒಂದೇ ಒಂದು ಸಲ ನಂಬಿದ್ದಿದ್ರೆ..."

ಎದುರು ಮನೆಯ ಪರದೆ ಅಲುಗಿತು. ಅಫ್ರಾ ಅದನ್ನು ನೋಡಿದಳು. "ನಂಬಿದ್ದಿದ್ರೆ ಈ ಗಂಟೆ ಅವಳ ಬಾಗಿಲಲ್ಲೇ ಇರ್ತಿತ್ತು," ಎನ್ನುತ್ತ ಆ ಕಿಟಕಿಯ ಕೆಳಗೆ, ಬೇಕಂತಲೇ ನಿಧಾನವಾಗಿ, ಗಂಟೆ ಬಾರಿಸುತ್ತ ನಡೆದುಹೋದಳು.