ಎರಡನೇ ಸಲ ಕೇಳುವುದು

ಕಿಟಕಿಯ ಕೆಳಗಿನ ಗೋದಾಮಿನಲ್ಲಿ ಹೆಂಗಸರು ಒಣಶುಂಠಿ ಜರಡಿ ಹಿಡಿಯುವ ಸದ್ದು ಬೆಳಕು ಹರಿಯುವಾಗಲೇ ಶುರುವಾಗುತ್ತದೆ. ಕೊಚ್ಚಿಯ ಮಟ್ಟಾಂಚೇರಿಯ ಆ ಓಣಿಯಲ್ಲಿ ಹುಟ್ಟಿದವರಿಗೆ ಅದು ಕೇಳಿಸುವುದೇ ಇಲ್ಲ. ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಅನ್ವಿತಾಳಿಗೆ ಮೂರನೇ ವರ್ಷದಲ್ಲೂ ಕೇಳಿಸುತ್ತದೆ. ತನ್ನ ತಲೆಯೊಳಗೆ ಯಾರೋ ಏನನ್ನೋ ಜಾಲಾಡುತ್ತಿದ್ದಾರೆ, ಬೇಕಾದದ್ದು ಸಿಗುತ್ತಿಲ್ಲ ಅನ್ನಿಸುತ್ತದೆ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗಾದರೂ ನಡೆಯಬೇಕೆನಿಸುತ್ತದೆ.

ಅವಳು ಕಾಸರಗೋಡಿನ ಕಡೆಯವಳು. ಹತ್ತನೇ ತರಗತಿಯವರೆಗೆ ಕನ್ನಡ ಶಾಲೆ. ಮಲಯಾಳ ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಯಲ್ಲಿ ಕಿವಿಗೆ ಬಿದ್ದು ಬಂತು. ಇಂಗ್ಲಿಷ್ ಬಂದದ್ದು ಪುಸ್ತಕದಿಂದ. ಕೊಚ್ಚಿಯ ನರ್ಸಿಂಗ್ ಕಾಲೇಜಿನಲ್ಲಿ ಬರೆಯುವ ಪರೀಕ್ಷೆಗಳನ್ನು ಅವಳು ಹೇಗೋ ದಾಟಿದಳು. ಅಚ್ಚಾದ ಇಂಗ್ಲಿಷ್ ನಿಂತು ಕಾಯುತ್ತದೆ, ಬೆರಳಿಟ್ಟು ಎಷ್ಟು ಸಲ ಬೇಕಾದರೂ ಓದಬಹುದು. ವಾರ್ಡಿನ ಇಂಗ್ಲಿಷ್ ಹಾಗಲ್ಲ. ಅದು ನಡೆಯುತ್ತಾ ನಡೆಯುತ್ತಾ ಹೆಗಲ ಮೇಲಿಂದ ಹಿಂದಕ್ಕೆ ಎಸೆದ ಮಾತು. ಹಿಡಿದರೆ ಉಂಟು, ಇಲ್ಲವಾದರೆ ಇಲ್ಲ.

ಹಿಡಿಯಲಾಗದಾಗ ಅನ್ವಿತಾ ತಲೆಯಾಡಿಸುತ್ತಿದ್ದಳು. ಅದು ಮನೆಯಲ್ಲಿ ಬಂದ ಅಭ್ಯಾಸ. ಅವಳ ಅಪ್ಪ ಕೋರ್ಟಿನಲ್ಲಿ ಗುಮಾಸ್ತರು, ಮಿತಭಾಷಿ. ಹಿರಿಯರು ಒಮ್ಮೆ ಹೇಳಿದರೆ ಹೂಂ ಅನ್ನಬೇಕು, ತಿರುಗಿ 'ಎಂತ?' ಎಂದು ಕೇಳಬಾರದು. ಮಕ್ಕಳು ಮೊದಲು ಹೂಂ ಅಂದು, ಆಮೇಲೆ ಅಡುಗೆಮನೆಗೆ ಹೋಗಿ 'ಅಪ್ಪ ಹೇಳಿದ್ದು ಎಂತ?' ಎಂದು ಅಮ್ಮನ ಹತ್ತಿರ ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ಹಾಗೆ ಹೋಗಿ ಕೇಳಲು ಅಡುಗೆಮನೆ ಇರಲಿಲ್ಲ.

ಕಳೆದ ತಿಂಗಳು ಹೆಂಗಸರ ಸರ್ಜರಿ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ ಹೇಳಿ ಹೊರಟುಹೋದರು. ಅನ್ವಿತಾ ನಾಲ್ಕಕ್ಕೂ ತಲೆಯಾಡಿಸಿದಳು. ಮೂರನ್ನು ಮಾಡಿ ಮುಗಿಸಿದಳು. ಕೊನೆಯದು, ಚೆಲ್ಲಾನಂನಿಂದ ಬಂದಿದ್ದ ಫಿಲೋಮಿನಾ ಎಂಬ ರೋಗಿಗೆ ಮರುದಿನ ಬೆಳಿಗ್ಗೆ ಆಪರೇಷನ್ನಿಗೆ ಮೊದಲು ತಿನ್ನಲು ಕುಡಿಯಲು ಏನನ್ನೂ ಕೊಡಬಾರದೆಂದು ಅವರ ಕಡೆಯವರಿಗೆ ತಿಳಿಸಬೇಕು ಎಂಬುದು. ಅದು ಕಿವಿಯನ್ನು ತಲುಪಲೇ ಇಲ್ಲ. ಬೆಳಿಗ್ಗೆ ಮಗಳು ತಂದ ಗಂಜಿಯನ್ನು ಫಿಲೋಮಿನಾ ತೃಪ್ತಿಯಾಗಿ ಕುಡಿದರು. ಆಪರೇಷನ್ ಮುಂದಕ್ಕೆ ಹೋಯಿತು.

"ಒಂದು ಮಾತು ಹೇಳಬಾರದಿತ್ತಾ ಮೋಳೇ?" ಎಂದರು ಫಿಲೋಮಿನಾ, ಅನ್ವಿತಾಳನ್ನು ಮಗಳೆಂದು ಕರೆದು, ಹೊಟ್ಟೆ ಹಿಡಿದುಕೊಂಡು. "ಹೊಟ್ಟೆಯೊಳಗೆ ಈ ಕಲ್ಲು ಹೊತ್ತುಕೊಂಡು ಇನ್ನೂ ಒಂದು ವಾರ ಮಲಗಬೇಕು. ನನ್ನ ಬದಲು ನೀನು ಮಲಗುತ್ತೀಯಾ?"

ಪಾಠ ಮಾಡುವ ಸುಬ್ಬಲಕ್ಷ್ಮಿ ಮೇಡಂ ಅವಳನ್ನು ಕೋಣೆಗೆ ಕರೆಸಿದರು. ಬೈಯಲಿಲ್ಲ.

"ಗೊತ್ತಾಗದೆ ಇದ್ದದ್ದು ತಪ್ಪಲ್ಲ. ಗೊತ್ತಾಯಿತು ಅಂತ ತಲೆಯಾಡಿಸಿದೆಯಲ್ಲ, ಅದು ತಪ್ಪು. ಹೇಳಿದ್ದನ್ನು ಹೇಳಿದವರಿಗೇ ತಿರುಗಿ ಹೇಳಬೇಕು. ವಾರ್ಡಿನ ನಿಯಮ ಅದು. ಮುಂದಿನ ಸೋಮವಾರ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ಮತ್ತೆ ಈ ತಲೆ ಆಡಿದರೆ ವಾರ್ಡಿನ ಪ್ರಾಕ್ಟಿಕಲ್ ಪರೀಕ್ಷೆಗೆ ನಿನ್ನ ಹೆಸರು ಕಳಿಸುವುದಿಲ್ಲ."

ಅನ್ವಿತಾ ತಲೆಯಾಡಿಸಿದಳು. ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು.

ಸುದ್ದಿ ತಿರುವನಂತಪುರಕ್ಕೂ ಹೋಯಿತು. ಅಲ್ಲಿ ಸೆಕ್ರೆಟರಿಯೇಟಿನಲ್ಲಿ ಕೆಲಸದಲ್ಲಿರುವ ಸೋದರಮಾವ ಜನಾರ್ದನ ಫೋನ್ ಮಾಡಿದರು. "ನಿನಗೆ ಯಾಕೆ ಮಾರಾಯ್ತಿ ಈ ಉಪದ್ರ? ಇಲ್ಲಿಗೆ ಬಾ. ಪಿಎಸ್‌ಸಿ ಕೋಚಿಂಗ್ ಬೇಕಾದಷ್ಟುಂಟು. ನಮ್ಮ ಕಾಸರಗೋಡಿನ ಕಡೆ ಕನ್ನಡ ಗೊತ್ತಿರುವವರಿಗೇ ಅಂತ ಕ್ಲರ್ಕ್ ಕೆಲಸ ಉಂಟು. ಇಂಗ್ಲಿಷಿನ ತಲೆಬಿಸಿಯೇ ಇಲ್ಲ. ಅಪ್ಪನತ್ರ ಮಾತಾಡ್ಲಾ?"

"ಹೂಂ ಮಾವ," ಅಂದುಬಿಟ್ಟಳು.

ಫೋನ್ ಇಟ್ಟ ಮೇಲೆ ತಾನು ಯಾವುದಕ್ಕೆ ಹೂಂ ಅಂದೆ ಎಂದು ಹೊಳೆಯಿತು. ಕೋಣೆಯಲ್ಲಿ ಇರಲಾಗಲಿಲ್ಲ. ಜೆಟ್ಟಿಗೆ ಹೋಗಿ ಎರ್ನಾಕುಳಂ ಬೋಟು ಹತ್ತಿದಳು, ಆಚೆ ದಡದಲ್ಲಿ ಇಳಿದು ಅದೇ ಬೋಟಿನಲ್ಲಿ ವಾಪಸು ಬಂದಳು. ನೀರಿನ ಮೇಲೆ ಬಿಸಿಲು ಒಡೆದು ಚೂರುಚೂರಾಗಿ ಬಿದ್ದಿತ್ತು. ಯಾವ ಚೂರೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಸಹಪಾಠಿ ಆಯೇಷಾ ಅದೇ ಓಣಿಯವಳು. ಜೆಟ್ಟಿಯಲ್ಲಿ ಕಂಡವಳು, ಮಾವನ ಫೋನಿನ ಕತೆ ಕೇಳಿ, ಸೀದಾ ಚಹಾದ ಅಂಗಡಿಗೆ ಎಳೆದುಕೊಂಡು ಹೋದಳು. ಬೆಂಚಿನ ಮೇಲೆ ಕೂತು, ತಮ್ಮ ವಾರ್ಡಿನ ಸರ್ಜನ್ ಹೃಷಿಕೇಶ್ ಅವರ ದನಿಯನ್ನು ಅಣಕಿಸುತ್ತಾ, ಅವರದೇ ವೇಗದ ಇಂಗ್ಲಿಷಿನಲ್ಲಿ ಶುರುಮಾಡಿದಳು: ಹಾಲಿಲ್ಲದ ಸುಲೈಮಾನಿ ಒಂದು, ಹಾಲಿನ ಚಹಾ ಒಂದು, ಹಾಲಿನದಕ್ಕೆ ಸಕ್ಕರೆ ಬೇಡ, ಬಾಳೆಹಣ್ಣಿನ ಪಳಂಪೊರಿ ಬಜ್ಜಿ ಬಿಸಿಯಿದ್ದರೆ ಮಾತ್ರ.

ಅನ್ವಿತಾ ತಲೆಯಾಡಿಸಿದಳು.

"ನೋಡು, ಮತ್ತೆ ಬಂತು ತಲೆಯಾಡಿಸುವ ಗೊಂಬೆ. ತಿರುಗಿ ಹೇಳೇ," ಎಂದಳು ಆಯೇಷಾ ಮಲಯಾಳದಲ್ಲಿ.

"ಎರಡು ಚಹಾ, ಪಳಂಪೊರಿ…"

"ಸಕ್ಕರೆ ಹಾಕಿ ರೋಗಿಯನ್ನು ಕೊಂದೆ," ಎಂದಳು ಆಯೇಷಾ. ಅಂಗಡಿಯವನು ನಕ್ಕ. "ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ ಅಂದರೆ ನಿನ್ನ ಹಲ್ಲು ಉದುರುತ್ತದಾ?"

"ದೊಡ್ಡವರ ಹತ್ತಿರ ಹೇಗೆ ಹೇಳುವುದು?"

"ಹಾಗಾದರೆ ಮನೆಯ ದೊಡ್ಡವರಿಂದಲೇ ಶುರುಮಾಡು. ಮಾವನಿಗೆ ಫೋನ್ ಮಾಡು."

ಅಂಗಡಿಯ ಹಿಂದೆ, ನೀರಿನ ಅಂಚಿನಲ್ಲಿ ಅತ್ತಿತ್ತ ನಡೆಯುತ್ತಾ ಅವಳು ಫೋನ್ ಮಾಡಿದಳು.

"ಮಾವ, ನೀವು ಆಗ ಹೇಳಿದ್ದಕ್ಕೆ ಹೂಂ ಅಂದೆ. ಅದು ಒಪ್ಪಿ ಅಂದದ್ದಲ್ಲ. ಅಪ್ಪನತ್ರ ಹೇಳ್ಬೇಡಿ."

ಆ ಕಡೆ ಮಾವ ಟಿವಿಯ ಸದ್ದು ತಗ್ಗಿಸಿದರು. "ಅಂದ್ರೆ ಈಗ ಎದುರು ಮಾತಾಡ್ಲಿಕ್ಕೂ ಕಲಿತೆ."

"ಕಲೀತಾ ಇದ್ದೇನೆ ಮಾವ."

"ಪರೀಕ್ಷೆಗೆ ಹೆಸರು ಹೋಗದಿದ್ರೆ ಸೀದಾ ಇಲ್ಲಿಗೆ ಬರ್ಬೇಕು. ಮತ್ತೆ ಕತೆ ಹೇಳ್ಬಾರ್ದು."

"ಬರ್ತೇನೆ," ಎಂದಳು. ಈ ಸಲ ಯಾವುದಕ್ಕೆ ಒಪ್ಪಿದ್ದು ಎಂದು ಅವಳಿಗೆ ಗೊತ್ತಿತ್ತು.

ಸೋಮವಾರ ಐದನೇ ಹಾಸಿಗೆಯ ಪಕ್ಕ ಹೃಷಿಕೇಶ್ ನಿಂತರು. ಹಿಂದಿನ ದಿನ ತುರ್ತು ಆಪರೇಷನ್ ಆದ ಹುಡುಗಿ ಕಣ್ಣುಮುಚ್ಚಿ ಮಲಗಿದ್ದಳು. ಅವರು ಹಾಳೆ ನೋಡುತ್ತಲೇ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ಹೇಳಿ ಮುಗಿಸುವ ಮೊದಲೇ ಮುಂದಿನ ಹಾಸಿಗೆಯ ಕಡೆ ತಿರುಗಿದರು. ಅನ್ವಿತಾಳ ಕತ್ತು ತಾನಾಗಿಯೇ ಬಾಗತೊಡಗಿತು. ಪಕ್ಕದಲ್ಲಿ ಸುಬ್ಬಲಕ್ಷ್ಮಿ ಮೇಡಂ ಇದ್ದರು.

"ಸರ್," ಎಂದಳು. "ನಾನು ತಿರುಗಿ ಹೇಳುತ್ತೇನೆ." ನೀರು ಗುಟುಕು ಗುಟುಕಾಗಿ ಮಾತ್ರ ಕೊಡಬೇಕು. ಸಂಜೆ ಎಬ್ಬಿಸಿ ಕೂರಿಸಬೇಕು. ಅವಳ ಇಂಗ್ಲಿಷು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟುವವರ ಹಾಗೆ ಮುಂದೆ ಹೋಯಿತು. ಹೋಗಿ ನಿಂತಿತು. "ಒನ್ ಮೋರ್ ಯೂ ಟೋಲ್ಡ್, ಸರ್. ಐ ಡಿಡ್ ನಾಟ್ ಗೆಟ್."

ಹೃಷಿಕೇಶ್ ಹಿಂತಿರುಗಿ ನೋಡಿದರು. ಜೊತೆಗಿದ್ದ ಕಿರಿಯ ಡಾಕ್ಟರೊಬ್ಬ ತುಟಿ ಕಚ್ಚಿ ನಗು ತಡೆದುಕೊಂಡ. ಸರ್ಜನ್ ಹೊಟ್ಟೆಯ ಪಕ್ಕದ ಕೊಳವೆಯನ್ನು ತೋರಿಸಿ ಮತ್ತೆ ಹೇಳಿದರು, ಅದೇ ವೇಗದಲ್ಲಿ.

"ಪ್ಲೀಸ್ ಸರ್. ಸ್ಲೋ."

ಮೂರನೆಯ ಸಲ ಅವರು ಒಂದೊಂದೇ ಶಬ್ದ ಇಟ್ಟರು: ಕೊಳವೆಯ ಚೀಲದಲ್ಲಿ ಹೊಸ ರಕ್ತ ಕಂಡರೆ ಕಾಯದೆ ತಕ್ಷಣ ಕರೆಯಬೇಕು. ಅವಳು ತಿರುಗಿ ಹೇಳಿದಳು. "ಕರೆಕ್ಟ್," ಎಂದು ಅವರು ಮುಂದೆ ಹೋದರು.

ರೌಂಡ್ಸ್ ಮುಗಿದ ಮೇಲೆ ಮೇಡಂ ಅವಳನ್ನು ಬಾಗಿಲ ಬಳಿ ನಿಲ್ಲಿಸಿದರು.

"ಹೆಸರು ಕಳಿಸುತ್ತೇನೆ. ಆದರೆ ಒಂದು ಹೇಳುತ್ತೇನೆ ಕೇಳು. ಪರೀಕ್ಷೆಗೆ ಹೊರಗಿನವರು ಬರುತ್ತಾರೆ. ಎಲ್ಲರೂ ಹೀಗೆ ಮೂರು ಸಲ ಹೇಳುವವರಲ್ಲ."

ಅನ್ವಿತಾಳ ಕಣ್ಣು ಒಳಗಿನ ಹಾಸಿಗೆಯ ಮೇಲೆಯೇ ಇತ್ತು. ಚೀಲ ನೋಡಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಒಂದು ಕಾಲು ಹೊಸ್ತಿಲ ಒಳಗೆ ಹೋಗಿಯಾಗಿತ್ತು.

"ಕೇಳುತ್ತೇನೆ ಮೇಡಂ," ಎಂದಳು. "ಅವರು ಬೈದರೂ ಕೇಳುತ್ತೇನೆ, ನಗಲಿ ಬೇಕಾದರೆ, ನನಗೆ ಗೊತ್ತಾಗುವವರೆಗೆ ನಾನು ಬಿಡುವುದಿಲ್ಲ," ಎನ್ನುತ್ತಲೇ ಚೀಲ ನೋಡಲು ಐದನೇ ಹಾಸಿಗೆಯ ಕಡೆಗೆ ನಡೆದಳು.