ಆಂಟಿಯ ಕೋವಿಗೆ ನಾನು ತುಂಬಿದ ಮದ್ದಿಲ್ಲದ ತೋಟಾ

ಆಂಟಿಯ ಕನ್ನಡಕದ ಎಡಗಾಜಿನ ಮೇಲೆ ಯಾವಾಗಲೂ ಒಂದು ಚೂರು ಸೆಲೋಟೇಪ್ ಅಂಟಿರುತ್ತಿತ್ತು. ಗುರಿ ಹಿಡಿಯುವಾಗ ಎಡಗಣ್ಣು ಅಡ್ಡ ಬರಬಾರದೆಂದು ಅಂಟಿಸಿದ್ದು. ಕೋವಿ ಕೆಳಗಿಟ್ಟ ಮೇಲೂ ಅದನ್ನು ಕೀಳುವುದು ಅವರಿಗೆ ಮರೆತುಹೋಗುತ್ತಿತ್ತು. ತರಕಾರಿ ತರುವುದಕ್ಕೂ ಹಾಗೇ, ಯುಗಾದಿ ಊಟಕ್ಕೂ ಹಾಗೇ. ಯಾರಾದರೂ ಕೇಳಿದರೆ, "ಅರ್ಧ ಪ್ರಪಂಚ ಕಂಡ್ರೆ ಸಾಕು ಮಾರಾಯ, ಉಳಿದದ್ದು ನೋಡಿ ಎಂತ ಆಗ್ಬೇಕು?" ಎಂದು ನಗುತ್ತಿದ್ದರು.

ನಾನಾಗ ಕಾಂಗರೂ ನಾಡಿನ ಇಪ್ಸ್‌ವಿಚ್‌ನಲ್ಲಿ ಒಂದು ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಆಂಟಿಯದು ಪಕ್ಕದ ಮನೆ. ವಿರಾಜಪೇಟೆ ಕಡೆಯವರು. ಮೂವತ್ತು ವರ್ಷ ಈ ದೇಶದಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದರು. ಅಂಕಲ್ ತೀರಿಕೊಂಡ ಮೇಲೆ ಅವರ ರೈಫಲ್ಲು ಆಂಟಿಯ ಹೆಸರಿಗೆ ಬಂದಿತ್ತು. ತ್ರೀ-ಓ-ಎಯ್ಟ್ ಅಂತ, ಗುಂಡು ಹಾರಿದಾಗ ಭುಜಕ್ಕೆ ಒಳ್ಳೆ ಒದೆಯುವ ಕೋವಿ. ಹಿಂದೆ ಆಂಟಿಯ ವಾರ್ಡಿನಲ್ಲಿ ರೋಗಿಯಾಗಿದ್ದ ಒಬ್ಬ ರೈತನ ಸ್ನೇಹ ಅವರಿಗಿತ್ತು. ಗೂಂಡಿವಿಂಡಿ ದಾರಿಯಲ್ಲಿ ಅವನ ಜೋಳದ ಹೊಲ. ವರ್ಷಕ್ಕೊಮ್ಮೆ ಫೋನ್ ಮಾಡಿ, ಹಂದಿಗಳು ಹೊಲ ಉತ್ತುಹಾಕುತ್ತಿವೆ, ಬಾ ಎಂದು ಕರೆಯುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರಂತೆ.

ನನಗೂ ಹಂದಿಗೂ ಏನು ಸಂಬಂಧ ಹೇಳಿ? ಮೈಸೂರಿನ ನಮ್ಮ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ಆದರೆ ಆಂಟಿಯ ಅಡುಗೆಮನೆಯ ಮೇಜಿನ ಮೇಲೆ ಬೇಟೆಯ ಯೋಜನೆ ನಡೆಯುವುದನ್ನು ಒಮ್ಮೆ ನೋಡಿದವನು ಸುಮ್ಮನೆ ಎದ್ದು ಬರಲಾರ. ಉಪ್ಪಿನ ಡಬ್ಬಿ ರೈತನ ಮನೆ, ಕೊತ್ತಂಬರಿ ದಂಟು ತೊರೆ, ಕಾಫಿ ಲೋಟ ಹಂದಿ. ಉಪ್ಪಿನ ಡಬ್ಬಿಯ ಕಡೆಗೆ ಯಾರ ಕೋವಿಯ ಮೂತಿಯೂ ತಿರುಗುವಂತಿಲ್ಲ. ತಪ್ಪಿದರೆ ಚಮಚದಿಂದ ಕೈಮೇಲೆ ಏಟು. ನಾನೂ ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿಕೊಂಡುಬಿಟ್ಟೆ.

ಯಾವ ಕ್ಯಾಲಿಬರ್, ಅಂದರೆ ಎಷ್ಟು ದೊಡ್ಡ ಗುಂಡಿನ ಕೋವಿ ಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ನನ್ನ ಬುದ್ಧಿ ತೋರಿಸಿದೆ. ಮೊಬೈಲ್ ಕೊಳ್ಳುವವನ ಹಾಗೆ ವೇಗ, ಗುಂಡಿನ ತೂಕ, ದೂರ ಎಲ್ಲ ಹಾಕಿ ದೊಡ್ಡ ಪಟ್ಟಿ ಮಾಡಿ, ತ್ರೀ ಹಂಡ್ರೆಡ್ ಮ್ಯಾಗ್ನಮ್ಮೇ ಸರಿ ಎಂದು ತೀರ್ಮಾನಿಸಿ ಪ್ರಿಂಟ್ ತೆಗೆದುಕೊಂಡು ಹೋದೆ. ಆಂಟಿ ಮೊದಲಿನಿಂದ ಕೊನೆಯವರೆಗೂ ಗಮನವಿಟ್ಟು ಓದಿದರು.

"ಎಲ್ಲ ಉಂಟು. ನಿನ್ನ ಭುಜ ಎಲ್ಲಿ ಬರ್ದಿದ್ದೀಯ?"

"ಭುಜ ಯಾಕೆ ಆಂಟಿ?"

"ಬಾ, ತೋರಿಸ್ತೀನಿ."

ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋಗಿ ಅಂಕಲ್ಲಿನ ರೈಫಲ್ಲನ್ನೇ ಕೊಟ್ಟರು. ತೋಟಾ ತುಂಬಿದವರು ಅವರೇ. ಮೊದಲ ಎರಡು ಗುಂಡು ಢಂ ಢಂ ಎಂದವು, ಭುಜ ಉರಿಯಿತು. ಮೂರನೆಯದಕ್ಕೆ ಬರೀ ಟಿಕ್ ಎಂದಿತು. ಅದು ಆಂಟಿ ಬೇಕೆಂದೇ ಸೇರಿಸಿದ್ದ, ಒಳಗೆ ಮದ್ದಿಲ್ಲದ ತೋಟಾ. ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೂ ನನ್ನ ಕೋವಿಯ ಮೂತಿ ತಾನಾಗಿ ಒಂದು ಗೇಣು ಕೆಳಗೆ ಬಾಗಿತ್ತು!

"ನೋಡಿದ್ಯಾ? ಒದೆ ಬೀಳೋಕೆ ಮುಂಚೆನೇ ನಮಸ್ಕಾರ ಹಾಕ್ದೆ. ಹೀಗೆ ಬಾಗಿದ್ರೆ ಗುಂಡು ಹೋಗಿ ಹಂದಿ ಹೊಟ್ಟೆಗೆ ಬೀಳುತ್ತೆ. ಆ ಜೀವ ಜೊಂಡಿನೊಳಗೆ ಹೋಗಿ ಎರಡು ದಿನ ನರಳಿ ಸಾಯುತ್ತೆ. ನೀನು ಹೆದರದೆ ಹೊಡೆಯೋ ಕೋವಿನೇ ನಿಂಗೆ ದೊಡ್ಡ ಕೋವಿ."

ನಾನು ಸಣ್ಣ ಒದೆತದ ಟೂ-ಫಾರ್ಟಿ-ತ್ರೀ ಕೊಂಡೆ. ಸರಿಯಾದ ಗುಂಡು ಹಾಕಿ, ಹತ್ತಿರದಿಂದ ಸರಿಯಾದ ಜಾಗಕ್ಕೆ ಹೊಡೆದರೆ ಹಂದಿಗೆ ಅದೇ ಸಾಕು ಎಂದರು.

ಮರುವರ್ಷ ಆಂಟಿಯ ಬಲಭುಜಕ್ಕೆ ಆಪರೇಷನ್ ಆಯಿತು. ರೈತನ ಫೋನ್ ಬಂದಾಗ ಇನ್ನೂ ತೋಳು ಪೂರ್ತಿ ಮೇಲೇಳುತ್ತಿರಲಿಲ್ಲ. ಹೋಗೇ ಹೋಗುತ್ತೇನೆ ಎಂದು ಹಟ ಹಿಡಿದರು. ಅದೂ ಅಂಕಲ್ಲಿನ ತ್ರೀ-ಓ-ಎಯ್ಟ್ ಹಿಡಿದೇ. "ಅವ್ರ ಕೋವಿಯಿಂದ ಆ ತೊರೆಯಲ್ಲಿ ಇನ್ನೊಂದೇ ಒಂದು ಹಂದಿ ಹೊಡೀಬೇಕು. ಆಮೇಲೆ ಸಾಕು" ಎಂದರು. ಅಡಿಲೇಡಿನಲ್ಲಿದ್ದ ಮಗಳು ಫೋನಿನಲ್ಲೇ ಕೂಗಾಡಿದಳು, "ಮಮ್, ಯೂ ಆರ್ ಸೆವೆಂಟಿ!" ಆಂಟಿ ಕನ್ನಡದಲ್ಲಿ, "ಅದಕ್ಕೇ ಈಗ್ಲೇ ಹೋಗ್ಬೇಕು" ಎಂದರು. ಅಕ್ಕಪಕ್ಕದವರೆಲ್ಲ ನೀವು ಹುಲಿ ಬಿಡಿ ಆಂಟಿ, ನಿಮಗೇನಾಗಿದೆ ಎಂದೆವು. ನಾನೇ ಎಲ್ಲರಿಗಿಂತ ಜೋರಾಗಿ ಅಂದೆ.

ಹೊರಡುವ ಹಿಂದಿನ ಶನಿವಾರದ ಆರ್ವೋ, ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ. ಮೈದಾನದಲ್ಲಿ ಆಂಟಿಗೆ ತೋಟಾ ತುಂಬುವ ಸರದಿ ನನ್ನದು. ನನಗೆ ಕೀಟಲೆ ಹುಟ್ಟಿತು. ಹಿಂದೆ ನನ್ನನ್ನು ಹೀಗೇ ನಗೆಪಾಟಲು ಮಾಡಿದ್ದರಲ್ಲ, ಅವರ ಡಬ್ಬಿಯಿಂದಲೇ ಒಂದು ಮದ್ದಿಲ್ಲದ ತೋಟಾ ತೆಗೆದು ಎರಡನೆಯದಾಗಿ ಸೇರಿಸಿದೆ. ಟಿಕ್ ಎಂದಾಗ ಆಂಟಿಯ ಕೋವಿ ಬಂಡೆಯ ಹಾಗೆ ನಿಂತಿರುತ್ತದೆ, ತಿರುಗಿ ನನ್ನ ಕಿವಿ ಹಿಂಡುತ್ತಾರೆ, ಇಬ್ಬರೂ ನಗುತ್ತೇವೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೊದಲನೆಯದು ಗುಡುಗಿತು. ಎರಡನೆಯದಕ್ಕೆ ಟಿಕ್. ಆಂಟಿಯ ಭುಜ ಹಿಂದಕ್ಕೆ ಸರಿದು ಕೋವಿಯ ಮೂತಿ ನನ್ನದಕ್ಕಿಂತಲೂ ಕೆಳಗೆ ಬಾಗಿತು. ಅಯ್ಯೋ ದೇವರೇ, ಯಾಕಾದರೂ ಮಾಡಿದೆನೋ! ಆಂಟಿ ಆ ತೋಟಾವನ್ನು ಹೊರತೆಗೆದು ಅಂಗೈಯಲ್ಲಿಟ್ಟು ನೋಡಿದರು.

"ನೋಡಿದ್ಯಾ?"

"ನೋಡ್ದೆ ಆಂಟಿ."

"ನನ್ನ ಭುಜ ಹೆದರ್ತಿದೆ ಅಂತ ಯಾವಾಗಿಂದ ಗೊತ್ತಿತ್ತು ನಿಂಗೆ?"

ತಮಾಷೆಗೆ ಮಾಡಿದೆ ಎಂದುಬಿಟ್ಟರೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. "ಸ್ವಲ್ಪ ದಿನದಿಂದ ಅನ್ನಿಸ್ತಿತ್ತು" ಎಂದೆ.

ಆಂಟಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲೇ ಕಣ್ಣೊರೆಸಿಕೊಂಡರು. "ಒಳ್ಳೇದು ಮಾಡ್ದೆ. ನಂಗೂ ಗೊತ್ತಿತ್ತು, ಒಪ್ಕೊಳ್ಳೋಕೆ ಆಗ್ಲಿಲ್ಲ. ಅವ್ರ ಕೋವಿ ಬಿಟ್ರೆ ಅವ್ರನ್ನೇ ಬಿಟ್ಟ ಹಾಗೆ ಅಂದ್ಕೊಂಡಿದ್ದೆ. ನಿನ್ನ ಟೂ-ಫಾರ್ಟಿ-ತ್ರೀ ಕೊಡು." ಅಂಕಲ್ಲಿನ ರೈಫಲ್ಲು ಆ ವಾರವೇ ಕೋವಿ ಮಾರುವ ಡೀಲರನ ಕೈ ಸೇರಿತು.

ಬೇಟೆಗೆ ಹೋದ ಬೆಳಿಗ್ಗೆ ತೊರೆಯ ಆಚೆ ಒಂಟಿ ಗಂಡುಹಂದಿ ಜೋಳದ ಬುಡ ಕೆದಕುತ್ತಿತ್ತು. ಇಷ್ಟು ದೂರದಿಂದ ಬೇಡ ಎಂದು ಆಂಟಿ ತಲೆಯಾಡಿಸಿದರು. ಬೇಬಿ ಪೌಡರ್ ಚಿಟಿಕೆಯಷ್ಟು ತೂರಿ ಗಾಳಿ ನೋಡಿದರು. ಆಮೇಲೆ ಆ ವಯಸ್ಸಿನಲ್ಲಿ, ಒಣಗಿದ ತೊರೆಯೊಳಗೆ ಮಂಡಿಯೂರಿ, ಐವತ್ತು ಹೆಜ್ಜೆ ದೂರ ಉಳಿಯುವವರೆಗೂ ತೆವಳಿದರು. ಒಂದೇ ಗುಂಡು. ಹಂದಿ ನಿಂತಲ್ಲೇ ಕುಸಿಯಿತು, ಒಂದು ಸಲವೂ ಕಿರುಚಲಿಲ್ಲ. ಆಂಟಿ ಅದರ ಪಕ್ಕ ಕೂತು ಅತ್ತರು, ನಕ್ಕರು. ಆ ಸಂಜೆ ರೈತನ ಮನೆಯಲ್ಲಿ ಎಲ್ಲರೂ ಆಂಟಿ ಮಾಡಿದ ಪಂದಿಕರಿ ಬಾರಿಸಿದರೆ ನಾನು ಅಕ್ಕಿರೊಟ್ಟಿಗೆ ಚಟ್ನಿ ನೆಂಚಿಕೊಂಡು ತಿಂದೆ.

ಮುಂದೆ ನನಗೆ ಪರ್ತ್‌ನಲ್ಲಿ ಕೆಲಸವಾಗಿ ಅಲ್ಲಿನ ಥಾರ್ನ್ಲಿ ಬಡಾವಣೆಗೆ ಬಂದೆ. ಎರಡು ವರ್ಷ ಕಳೆದಿರಲಿಲ್ಲ, ಆಂಟಿ ಹೋದರು ಎಂಬ ಸುದ್ದಿ ಬಂತು. ವಿಮಾನ ಹತ್ತಿ ಹೋದೆ. ಎಲ್ಲ ಮುಗಿದ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡು, ಎಂದೂ ಕನ್ನಡ ಮಾತಾಡದವಳು, ತಡವರಿಸುತ್ತ ಹೇಳಿದಳು, "ಅಮ್ಮ ಎಲ್ಲರ್ಗೂ ನಿಮ್ ಬಗ್ಗೆ ಹೇಳೋರು. ಎಲ್ರೂ ಅವ್ರಿಗೆ ಹೆದ್ರಿ ಸುಳ್ಳು ಹೇಳಿದ್ರಂತೆ. ನೀವೊಬ್ರೇ ನಿಜ ಹೇಳಿದ್ದು. ಥ್ಯಾಂಕ್ ಯೂ."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದಮ್ಮ ಎಂದು ತಲೆಯಾಡಿಸಿ ಬಂದೆ.

ನನಗೆ ಏನೂ ಗೊತ್ತಿರಲಿಲ್ಲ ಆಂಟಿ. ನಾನೂ ಉಳಿದವರ ಹಾಗೆಯೇ ಸುಳ್ಳು ಹೇಳಿದವನು. ನಿಮ್ಮನ್ನು ನಗಿಸೋಣ ಅಂತ ಅಷ್ಟೇ ಮಾಡಿದ್ದು.