ಆಯಿ ಎರವಲು ಕೊಟ್ಟ ಕೌದಿ

ಆಯಿಯ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ವರ್ಷಾನುಗಟ್ಟಲೆ ದಾರ ಕಡಿದು ಕಡಿದು ಆದ ಕಚ್ಚು ಅದು. ಅಣ್ಣಿಗೇರಿಯಲ್ಲಿ ನಮ್ಮ ಬಾಜೂ ಮನೆಯ ವಿಧವೆ ಆಕೆ, ರಕ್ತಸಂಬಂಧವೇನೂ ಇಲ್ಲ. ಆದರೆ ಅವ್ವ ಸಾಲಿಗೆ ಕಲಿಸಲು ಹೋದಾಗ ನಾನು ಬೆಳೆದದ್ದೆಲ್ಲ ಆಕೆಯ ಮಡಿಲಲ್ಲೇ. ಓಣಿಯವರು ತಂದು ಹಾಕಿದ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದುಕೊಡುತ್ತಿದ್ದಳು. "ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತಾರ. ನಿಮ್ಮಪ್ಪನ ಕಾಲ ನೋಡಿದ್ರ ಎರಡ ಕೌದಿ ಜೋಡಿಸಬೇಕವಾ" ಎಂದು ನನ್ನ ಉದ್ದನೆಯ ಅಪ್ಪನನ್ನು ಕಾಡುತ್ತಿದ್ದಳು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ಹೋಳಿಗೆ ಇಟ್ಟು ಹೊಲಿಯುವುದು ಆಕೆಯ ಪದ್ಧತಿ. "ಮಂದೀ ಮೈ ಬೆಚ್ಚಗ ಇಡೂದು ಇದು. ಇದರ ಹೊಟ್ಟಿ ಖಾಲಿ ಇರಬಾರದು" ಎನ್ನುತ್ತಿದ್ದಳು.

ಆಕೆಯ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆ ಮಗಳ ಸೀರೆಗಳಿಂದ ಆಯಿ ತನಗೆಂದು ಒಂದೇ ಒಂದು ಕೌದಿ ಹೊಲಿದುಕೊಂಡಳು. ಬಟ್ಟೆ ಸಾಲದ ಕಡೆ ನನ್ನ ಹಳದಿ ಫ್ರಾಕಿನ ತುಂಡು ಸೇರಿತ್ತು.

ಅದನ್ನು ಒಯ್ದವಳು ಇಂಗ್ಲೆಂಡಿನ ಒಬ್ಬ ಹೆಂಗಸು. ಹುಬ್ಬಳ್ಳಿಯ ಸಾಹೇಬರೊಬ್ಬರ ಜೀಪಿನಲ್ಲಿ ಬಂದು, ಆಯಿಯ ಮನೆಯಲ್ಲಿ ಚಹಾ ಕುಡಿದು, ಫೋಟೋ ಹೊಡೆದುಕೊಂಡು, ತಮ್ಮ ದೇಶದಲ್ಲಿ ಮಂದಿಗೆ ತೋರಿಸಲು ಕೌದಿ ಬೇಕೆಂದಳಂತೆ. ನಮ್ಮ ಕಡೆ ಒಂದು ಮನೆಯಲ್ಲಿ ಮದುವೆ ಬಂತೆಂದರೆ ಬೀಗರಿಗೆ ಹೊದೆಯಲು ಓಣಿಯ ಕೌದಿಗಳೆಲ್ಲ ಎರವಲು ಹೋಗುತ್ತವೆ. ಮುಗಿದ ಮೇಲೆ ಒಗೆದು, ಮಡಿಸಿ ತಂದುಕೊಡುತ್ತಾರೆ. ಒಯ್ದ ಕೌದಿಯನ್ನು ಮರಳಿ ಕೊಡದವರನ್ನು ಆಯಿ ಕಂಡೇ ಇರಲಿಲ್ಲ. ಹಾಗಾಗಿ ಕೊಟ್ಟಳು, ಕಾಯುತ್ತ ಕೂತಳು.

ಎಂಬತ್ತರ ದಶಕದ ನಡುವೆ ನನಗೆ ಆ ದೇಶದಲ್ಲಿ ಮಣ್ಣಿನ ವಿಷಯ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಊರೆಲ್ಲ ಆಶೀರ್ವಾದ ಮಾಡಿದರೆ ಆಯಿ ಮಾತ್ರ ಕೆಲಸ ಹೇಳಿದಳು. "ಯವ್ವಾ, ಆ ವಿಲಾಯತಿ ಬಾಯಿ ಊರ ಕಡೇನ ಹೊಂಟೀ. ನನ್ನ ಕೌದಿ ಇಸ್ಕೊಂಡ ಬಾ. ಥಂಡಿ ಬಿತ್ತಂದ್ರ ಮಗಳ ನೆನಪ ಭಾಳ ಆಗತೈತಿ."

ಕೌದಿ ಯಾವ ಕಲಾ ಸಂಗ್ರಹಾಲಯ ಸೇರಿದೆಯೆಂದು ಹುಬ್ಬಳ್ಳಿಯ ಸಾಹೇಬರಿಂದಲೇ ತಿಳಿದುಕೊಂಡಿದ್ದೆ. ಒಂದು ಶನಿವಾರ ರೈಲು ಹಿಡಿದು ಹೋದೆ. ನಾಯಿಗಳ ಜೊತೆ ನಿಂತ ರಾಜರ ಚಿತ್ರ, ಬೆತ್ತಲೆ ಕಲ್ಲುಬೊಂಬೆ, ಯಾವುದನ್ನೂ ನಾನು ನೋಡಲಿಲ್ಲ. ಹಿಂದಿನ ಕೋಣೆಯೊಂದರಲ್ಲಿ, ಗಾಜಿನ ಹಿಂದೆ, ಕೌದಿಯನ್ನು ಗೋಡೆಗೆ ತೂಗುಹಾಕಿದ್ದರು. ಕೆಂಪು ಇಳಕಲ್ ಸೀರೆ, ಅದರ ಪಕ್ಕ ನನ್ನ ಫ್ರಾಕು. ನನ್ನ ಫ್ರಾಕನ್ನೇ ನಾನು ಮುಟ್ಟುವಂತಿರಲಿಲ್ಲ. ಕೆಳಗೊಂದು ಚೀಟಿ: "ಹೊದಿಕೆ. ದಕ್ಷಿಣ ಭಾರತ. ತಯಾರಿಸಿದವರು ಅಜ್ಞಾತ."

ಅಜ್ಞಾತವಂತೆ! ಆಕೆಯ ಮನೆಯ ಚಹಾ ಕುಡಿದು, ಮುಖಕ್ಕೆ ಕ್ಯಾಮೆರಾ ಹಿಡಿದವರಿಗೆ ಆಕೆ ಅಜ್ಞಾತ. ಮೈಯೆಲ್ಲ ಉರಿದುಹೋಯಿತು. ಅಲ್ಲಿನ ಅಧಿಕಾರಿಯನ್ನು ಕರೆಸಿದೆ.

"ಇದು ಎರವಲು ತಂದದ್ದು. ಇದರ ಒಡತಿ ಇನ್ನೂ ಕಾಯುತ್ತಿದ್ದಾಳೆ" ಎಂದೆ.

ಆತ ಬಹಳ ಮರ್ಯಾದಸ್ಥ. ನಗುತ್ತಲೇ ಹೇಳಿದ: "ನಮಗೆ ಇದು ಕೊಡುಗೆಯಾಗಿ ಬಂದಿದೆ. ಇಲ್ಲಿ ಸುರಕ್ಷಿತವಾಗಿದೆ. ಅಲ್ಲಿದ್ದಿದ್ದರೆ ಇಷ್ಟರಲ್ಲಿ ಹರಿದುಹೋಗುತ್ತಿತ್ತು."

"ಹೊದ್ದು ಹರಿಯಲೆಂದೇ ಹೊಲಿದದ್ದು."

ಕೌದಿಯ ಒಂದು ಮೂಲೆಯ ಹೊಲಿಗೆ ಬಿಚ್ಚಿದ್ದು ಕಂಡು, ಯಾಕೆಂದು ಕೇಳಿದೆ. ಒಳಗೆ ಒಣಗಿದ ತಿನಿಸೇನೋ ಇತ್ತು, ಹುಳು ಬೀಳಬಾರದೆಂದು ತೆಗೆದು ಚೆಲ್ಲಿದೆವು ಎಂದ. ಕೌದಿಯ ಹೊಟ್ಟೆಯ ಮಾತು ಹೇಳಿದೆ. ಆತನ ಕಣ್ಣು ಅರಳಿತು. ಕಿಸೆಯಿಂದ ಪೆನ್ನು ತೆಗೆದು ಎಲ್ಲವನ್ನೂ ಬರೆದುಕೊಂಡ. ಒಳಗಿಟ್ಟದ್ದು ಏನು, ಯಾವ ಬೇಳೆಯದು ಎಂದು ಕೇಳಿದ. ಇಟ್ಟವಳ ಹೆಸರು ಕೇಳಲಿಲ್ಲ. ನಾನಾಗಿಯೇ ಹೇಳಿದೆ, ಅಷ್ಟರಲ್ಲಿ ಪೆನ್ನು ಕಿಸೆಗೆ ಹೋಗಿತ್ತು.

ಓದು ಮುಗಿಸಿ ಬರಿಗೈಯಲ್ಲಿ ಊರಿಗೆ ಬಂದು ನಡೆದದ್ದನ್ನೆಲ್ಲ ಆಯಿಗೆ ಹೇಳಿದೆ. ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ದಪ್ಪನೆಯ ವಿಲಾಯತಿ ರಗ್ಗು ತಂದು ನನ್ನ ಮುಂದಿಟ್ಟಳು. ಅಂಥದೊಂದು ಆಕೆಯ ಮನೆಯಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮಡಿಕೆ ಸಹ ಬಿಚ್ಚಿರಲಿಲ್ಲ.

"ಆ ಬಾಯಿ ಇಟ್ಟ ಹೋಗಿದ್ಲು. ನೀ ಹೋಗೂಮುಂದ ಇದನ್ನ ಕೊಟ್ಟ ಕಳಸೂದು ಮರತೆ ನೋಡು. ಅವರದು ನಮ್ಮನ್ಯಾಗ ಇಟಗೊಂಡು ನಮ್ಮದು ಕೇಳಿದ್ರ ಹೆಂಗ ಕೊಟ್ಟಾರು? ತಪ್ಪ ನಂದೈತಿ."

ಆ ಹೆಂಗಸು ಕೌದಿಗೆ ಬದಲಾಗಿ ರಗ್ಗು ಕೊಟ್ಟು ವ್ಯವಹಾರ ಮುಗಿಸಿದ್ದಳು. ಆಯಿ ಅದನ್ನು ಒತ್ತೆ ಎಂದುಕೊಂಡು ಜೋಪಾನ ಮಾಡಿದ್ದಳು. ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ಮಾಗಿಯಲ್ಲಿ ಆಯಿ ಜ್ವರ ಬಂದು ಮಲಗಿದಳು. ಗಡಗಡ ನಡುಗುತ್ತಿದ್ದಳು. ಕೈಗೆ ಸಿಕ್ಕದ್ದನ್ನೆಲ್ಲ ಹೊದಿಸಿದೆವು, ನಡುಕ ನಿಲ್ಲಲಿಲ್ಲ. ಅವ್ವ ಟ್ರಂಕು ತೆಗೆದು ರಗ್ಗು ತಂದಳು. ಆಯಿ ಕೈಯಿಂದ ಅದನ್ನು ಸರಿಸಿದಳು.

"ಬ್ಯಾಡ ತಂಗಿ. ಮಂದೀದು ಅದು. ಕೇಳ್ಕೊಂಡ ಬಂದ್ರ ಹೊಸಾದ ಇದ್ದಂಗ ತಿರಗಿ ಕೊಡಬೇಕು."

ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು. ರಗ್ಗು ಕೇಳಿಕೊಂಡು ಇವತ್ತಿನವರೆಗೆ ಯಾರೂ ಬಂದಿಲ್ಲ.